ಗಾರೆ ಕಾಣದ ಗೋಡೆ, ಬಳಸಿ ಇಳಿಯುವ ಮೆಟ್ಟಿಲು

ಬೇಸಗೆಯ ರಜೆಗೆಂದು ಪಟ್ಟಣದಿಂದ ಊರಿಗೆ ಬಂದ ಹುಡುಗ ತೋಟದ ಹಳೆಯ ಬಾವಿಯನ್ನು ಬಗ್ಗಿ ನೋಡಿ ಅಜ್ಜನನ್ನು ಕೇಳುತ್ತಾನೆ:

“ತಾತ, ಈ ಕಲ್ಲುಗಳ ನಡುವೆ ಏನು ಮೆತ್ತಿದ್ದಾರೆ?”

“ಏನೂ ಇಲ್ಲವಪ್ಪ. ಕಲ್ಲಿನ ಮೇಲೆ ಕಲ್ಲು, ಅಷ್ಟೆ.”

“ಹಾಗಾದರೆ ಬೀಳುವುದಿಲ್ಲವೇ?”

“ನಮ್ಮಪ್ಪ ಈ ಮೆಟ್ಟಿಲಲ್ಲೇ ಇಳಿದರು, ನಾನೂ ಇಳಿದೆ. ಮೂರನೆಯದೊಂದು ಮಾತ್ರ ಈಚೆಗೆ ಸ್ವಲ್ಪ ಅಲುಗುತ್ತದೆ, ನೋಡಿಕೊಂಡು ಕಾಲಿಡು.”

ಊರು ಬಿಟ್ಟು ಬಂದು ಪಟ್ಟಣದಲ್ಲಿ ಸಂಸಾರ ಹೂಡಿದ ಎಷ್ಟೋ ಮನೆಗಳಲ್ಲಿ ಇಂಥ ಬಾವಿಯ ನೆನಪು ಇನ್ನೂ ಮಾಸಿಲ್ಲ. ದುಂಡಗೆ ಕಟ್ಟಿದ ಕಲ್ಲಿನ ಗೋಡೆ. ಆ ಗೋಡೆಯ ಮೈಯಿಂದ ಒಂದೊಂದೇ ಚಪ್ಪಡಿ ಹೊರಚಾಚಿ, ಬಾವಿಯ ಸುತ್ತನ್ನೇ ಅನುಸರಿಸಿ ಬಳಸುತ್ತ ನೀರಿನತ್ತ ಇಳಿಯುತ್ತದೆ. ಕೆಳಗೆ ಆಸರೆಯ ಕಂಬವಿಲ್ಲ, ಪಕ್ಕದಲ್ಲಿ ಕೈ ಹಿಡಿಯಲು ಸರಳಿಲ್ಲ. ಕೊಡ ಸೊಂಟಕ್ಕಿಟ್ಟ ಹೆಂಗಸರು ಒಂದು ಕೈಯಿಂದ ಗೋಡೆಯನ್ನು ಸವರಿಕೊಂಡು ಏರಿ ಬರುತ್ತಿದ್ದರು. ಕಲ್ಲು ಕೈಕೊಟ್ಟೀತೆಂಬ ಅನುಮಾನ ಅವರಿಗೆ ಬಂದಂತೆ ಕಾಣದು.

ಬರಬೇಕಾದ ಕಾರಣವೂ ಇರಲಿಲ್ಲ. ನಾಲ್ಕೂವರೆ ಅಡಿ ಉದ್ದದ ಚಪ್ಪಡಿಯಲ್ಲಿ ಕಣ್ಣಿಗೆ ಕಾಣುವುದು ಒಂದೂವರೆ ಅಡಿಯಾದರೆ, ಉಳಿದ ಮೂರು ಅಡಿ ಗೋಡೆಯ ಒಡಲಿನಲ್ಲಿ ಹುದುಗಿರುತ್ತದೆ. ಆ ಹುದುಗಿದ ಬಾಲದ ಮೇಲೆ ಮೇಲಿನ ವರಸೆಗಳ ಭಾರವೆಲ್ಲ ಕುಳಿತಿದೆ. ಇತ್ತ ತುದಿಯಲ್ಲಿ ಒಬ್ಬ ಮನುಷ್ಯ ನಿಂತರೆ ಅತ್ತ ತುದಿಯನ್ನು ಅವನಿಗಿಂತ ಎಷ್ಟೋ ಪಾಲು ಹೆಚ್ಚಿನ ತೂಕ ಅದುಮಿ ಹಿಡಿದಿರುತ್ತದೆ. ಏತದ ತತ್ತ್ವವೇ, ಏತ ಮೇಲೇಳದಂತೆ ಮಾಡಿದೆ, ಅಷ್ಟೆ.

ಗೋಡೆಯಾದರೂ ನಿಲ್ಲುವುದು ತನ್ನ ದುಂಡಿನಿಂದ. ಸುತ್ತಲಿನ ಮಣ್ಣು ಅದನ್ನು ಒಳಕ್ಕೆ ನೂಕುತ್ತಲೇ ಇರುತ್ತದೆ. ಆದರೆ ಕಲ್ಲುಗಳ ಕಿರಿದಾದ ಮೋರೆ ಬಾವಿಯ ಕಡೆಗೂ ಅಗಲವಾದ ಬೆನ್ನು ಮಣ್ಣಿನ ಕಡೆಗೂ ಇರುವುದರಿಂದ, ಒಂದು ಕಲ್ಲು ಜಾರಿ ಮುಂದೆ ಬರಬೇಕಾದರೆ ಅಕ್ಕಪಕ್ಕದವು ಎಡೆಗೊಡಬೇಕು. ಅವನ್ನೂ ಮಣ್ಣು ಅಷ್ಟೇ ಬಲದಿಂದ ನೂಕುತ್ತಿರುವಾಗ ಅವು ಎಡೆಗೊಡುವುದೆಂತು? ನೂಕಿದಷ್ಟೂ ಬಿಗಿಯುತ್ತದೆ. ಇನ್ನು ಗಾರೆಯನ್ನೇಕೆ ಬಳಸಲಿಲ್ಲವೆಂದರೆ, ಸಂದುಗಳನ್ನು ಮುಚ್ಚಿಬಿಟ್ಟರೆ ಬಾವಿಗೆ ನೀರು ಒಸರುವುದು ಎಲ್ಲಿಂದ?

ಕಲ್ಲಿನ ನಾಡುಗಳಲ್ಲೆಲ್ಲ ಈ ವಿದ್ಯೆ ತಾನಾಗಿ ಹುಟ್ಟಿಕೊಂಡಿದೆ. ಹಂಪೆಯ ಕೋಟೆಗೋಡೆಗಳಲ್ಲಿ ಆಳೆತ್ತರದ ಬಂಡೆಗಳನ್ನು ಒಂದಕ್ಕೊಂದು ಹೊಂದಿಸಿ, ನಡುವೆ ಮಣ್ಣು ಮತ್ತು ಕಲ್ಲುಚೂರು ತುಂಬಿದ್ದಾರೆ, ಗಾರೆಯ ಸೋಂಕಿಲ್ಲ. ಅದು ಅರಸರ ಕೆಲಸ, ಆಳುಗಳಿಗೆ ಕೊರತೆಯಿರಲಿಲ್ಲ. ಒಬ್ಬಿಬ್ಬರು ಬರಿಗೈಯಿಂದ ಕಟ್ಟುವ ಗೋಡೆಯ ಮರ್ಮವನ್ನು ತಿಳಿಯಬೇಕಾದರೆ ಇಂಗ್ಲೆಂಡಿನ ಉತ್ತರದಲ್ಲಿರುವ ಯಾರ್ಕ್‌ಷೈರಿನ ಕಣಿವೆಗಳನ್ನು ನೋಡಬೇಕು. ಅಲ್ಲಿ ಹೊಲ ಹೊಲಕ್ಕೂ ಕಲ್ಲಿನ ಬೇಲಿ. ಹಸಿರು ಗುಡ್ಡಗಳ ಮೇಲೆ ಬೂದುಬಣ್ಣದ ಗೆರೆಗಳು ನೆತ್ತಿಯವರೆಗೂ ಏರಿ ಆಚೆಗೆ ಇಳಿದು ಮರೆಯಾಗುತ್ತವೆ. ಅವುಗಳಲ್ಲಿ ಬಹುಪಾಲು ಕಟ್ಟಿದ್ದು ೧೮ನೆಯ ಶತಮಾನದ ಕೊನೆಯಲ್ಲಿ ಮತ್ತು ೧೯ನೆಯ ಶತಮಾನದ ಮೊದಲ ಭಾಗದಲ್ಲಿ; ಗೋಮಾಳದಂತೆ ಊರೊಟ್ಟಿಗೆ ಬಿಟ್ಟಿದ್ದ ಮೇವುನೆಲವನ್ನು ಪಾರ್ಲಿಮೆಂಟಿನ ಶಾಸನದ ಮೂಲಕ ಹಂಚಿ ಗಡಿ ಹಾಕಿಕೊಂಡ ಕಾಲ. ಬಡವನ ಹಸುವಿಗೆ ಹುಲ್ಲು ತಪ್ಪಿದ್ದೂ ಆಗಲೇ. ಆ ಗೋಡೆಗಳ ಚೆಲುವನ್ನು ಹೊಗಳುವವರು ಇದನ್ನೂ ನೆನೆದರೆ ನ್ಯಾಯವಾದೀತು.

ಕಟ್ಟುವ ರೀತಿ ಹೀಗೆ. ಮೊದಲು ಹುಲ್ಲು ಕಿತ್ತು ಗಟ್ಟಿನೆಲ ಸಿಗುವವರೆಗೆ ಪಾಯ ತೋಡಿ, ಇರುವುದರಲ್ಲಿ ದೊಡ್ಡ ಕಲ್ಲುಗಳನ್ನು ಅದರಲ್ಲಿ ಕೂರಿಸುತ್ತಾರೆ. ಅದರ ಮೇಲೆ ಏಳುವುದು ಒಂದು ಗೋಡೆಯಲ್ಲ, ಎರಡು. ಒಂದಕ್ಕೊಂದು ಬೆನ್ನು ಕೊಟ್ಟು, ಮೇಲೇರಿದಂತೆ ಪರಸ್ಪರ ಒರಗುತ್ತ ಹೋಗುತ್ತವೆ. ಬುಡದಲ್ಲಿ ಎರಡೂವರೆ ಮೂರು ಅಡಿ ದಪ್ಪವಿದ್ದದ್ದು ತಲೆಯ ಬಳಿ ಒಂದೂಕಾಲು ಅಡಿಗೆ ಇಳಿಯುತ್ತದೆ. ಎರಡರ ನಡುವಣ ಪೊಳ್ಳಿಗೆ ಚಕ್ಕೆಕಲ್ಲು ತುಂಬಬೇಕು. ಕಳ್ಳ ಕೆಲಸಗಾರನೂ ಒಳ್ಳೆಯ ಕೆಲಸಗಾರನೂ ಬೇರೆಯಾಗುವುದು ಇಲ್ಲಿಯೇ. ಬುಟ್ಟಿಯಿಂದ ಸುರಿದುಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆ, ಹೊರಗಿನಿಂದ ಯಾರಿಗೂ ತಿಳಿಯುವುದಿಲ್ಲ. ಹತ್ತು ವರ್ಷಗಳಲ್ಲಿ ಚೂರುಗಳು ಕುಸಿದು ಗೋಡೆಗೆ ಹೊಟ್ಟೆ ಬರುತ್ತದೆ. ಒಂದೊಂದನ್ನೂ ಕೈಯಿಂದ ಇಟ್ಟು ಅದುಮಿದರೆ ಮೊಮ್ಮಕ್ಕಳ ಕಾಲಕ್ಕೂ ಅಲುಗದು.

ಪ್ರತಿಯೊಂದು ಕಲ್ಲಿನ ಉದ್ದವೂ ಗೋಡೆಯ ಒಳಕ್ಕೆ ಹೋಗಬೇಕು. ಉದ್ದನೆಯ ಮೈಯನ್ನು ಹೊರಗೆ ತೋರಿಸಿದರೆ ನೋಟಕ್ಕೆ ಚೆನ್ನು, ಹಿಡಿತಕ್ಕೆ ಕೇಡು. ಕೆಳಗಿನ ಎರಡು ಕಲ್ಲುಗಳ ಸಂದಿನ ಮೇಲೆ ಮೇಲಿನ ಕಲ್ಲು ಕೂರಬೇಕು. ಎರಡಡಿ ಎತ್ತರಕ್ಕೆ ಬಂದಾಗ ಈ ಮೈಯಿಂದ ಆ ಮೈಯವರೆಗೂ ಹಾಯುವ ಉದ್ದಗಲ್ಲುಗಳನ್ನು ಗಜಕ್ಕೊಂದರಂತೆ ಅಡ್ಡಲಾಗಿ ಇಡುತ್ತಾರೆ. ಎರಡು ಗೋಡೆಗಳನ್ನೂ ಒಂದುಮಾಡುವುದು ಅವೇ. ಕೊನೆಗೆ ತಲೆಯ ಮೇಲೆ ಭಾರವಾದ ಕಲ್ಲುಗಳನ್ನು ಪುಸ್ತಕಗಳಂತೆ ಒತ್ತಾಗಿ ನಿಲ್ಲಿಸುವುದು. ಒಮ್ಮೆ ಕೈಗೆತ್ತಿಕೊಂಡ ಕಲ್ಲನ್ನು ಮತ್ತೆ ನೆಲಕ್ಕೆ ಹಾಕಬಾರದೆಂದು ಅಲ್ಲಿನ ಕೆಲಸಗಾರರಲ್ಲಿ ಮಾತಿದೆ. ಕೈಗಿಂತ ಮೊದಲು ಕಣ್ಣು ಆರಿಸಿರಬೇಕೆಂದು ಅದರ ಅರ್ಥ. ಗಜದುದ್ದದ ಗೋಡೆಗೆ ಒಂದು ಟನ್ನಿಗಿಂತ ಹೆಚ್ಚು ಕಲ್ಲು ಬೇಕು. ಪಳಗಿದವನೊಬ್ಬ ದಿನಕ್ಕೆ ಮೂರು ಗಜ ಕಟ್ಟಿದರೆ ಸಂಜೆಗೆ ಅವನ ಬೆನ್ನಿನ ಗತಿಯೇನೆಂಬುದನ್ನು ಊಹಿಸಬಹುದು.

ಈ ಗೋಡೆಗಳನ್ನು ದಾಟಲು ಅಲ್ಲಿಯೂ ಬಾವಿಯ ಉಪಾಯವೇ. ಅಡ್ಡಲಾಗಿ ಹಾಯುವ ಕಲ್ಲುಗಳಲ್ಲಿ ಮೂರು ನಾಲ್ಕನ್ನು ಇನ್ನಷ್ಟು ಉದ್ದವಾಗಿ ಆರಿಸಿ ಎರಡು ಕಡೆಗೂ ಹೊರಚಾಚುವಂತೆ, ಓರೆಯಾಗಿ ಒಂದರ ಮೇಲೊಂದು ಇಟ್ಟರೆ ಮೆಟ್ಟಿಲಾಯಿತು. ಮನುಷ್ಯ ಹತ್ತಿಳಿಯುತ್ತಾನೆ, ಕುರಿ ನೋಡುತ್ತ ನಿಲ್ಲುತ್ತದೆ.

ಇಳಿಜಾರಿನಲ್ಲಿ ಬಳಸಿ ಏರುವ ಮೆಟ್ಟಿಲುಗಳನ್ನು ಕಟ್ಟುವುದು ಇದಕ್ಕಿಂತ ಕಷ್ಟದ ಕೆಲಸ. ಕೆಳಗಿನಿಂದಲೇ ಆರಂಭಿಸಬೇಕು. ಮೇಲಿನ ಮೆಟ್ಟಿಲುಗಳೆಲ್ಲ ಒರಗುವುದು ಅದರ ಮೇಲೆಯೇ ಆದುದರಿಂದ ಮೊದಲ ಕಲ್ಲು ಎಲ್ಲಕ್ಕಿಂತ ಭಾರವಾದದ್ದಾಗಿರಬೇಕು. ನಾಲ್ಕಡಿ ಉದ್ದ, ಹದಿನಾಲ್ಕು ಅಂಗುಲ ಅಗಲ, ಆರು ಅಂಗುಲ ದಪ್ಪದ ಕರಿಕಲ್ಲಾದರೆ ೧೭೫ ಕಿಲೋಗ್ರಾಂಗೆ ಕಡಿಮೆಯಿಲ್ಲ. ಎರಡನೆಯ ಕಲ್ಲಿನ ಮುಂಭಾಗ ಮೊದಲನೆಯದರ ಹಿಂಭಾಗದ ಮೇಲೆ ಎರಡು ಅಂಗುಲದಷ್ಟಾದರೂ ಏರಿ ಕೂರಬೇಕು. ಹೀಗೆ ಒಂದರ ಬೆನ್ನನ್ನು ಇನ್ನೊಂದು ಅದುಮುತ್ತ ಹೋಗುತ್ತದೆ.

ತಿರುವಿನಲ್ಲಿ ಪ್ರತಿ ಮೆಟ್ಟಿಲೂ ಒಳಗಡೆ ಕಿರಿದಾಗಿ ಹೊರಗಡೆ ಅಗಲವಾಗುತ್ತದೆ. ಹಾಗಾದರೆ ಅಳತೆ ಹಿಡಿಯುವುದೆಲ್ಲಿ? ನಡೆಯುವವನ ಕಾಲು ಬೀಳುವ ಜಾಗದಲ್ಲಿ. ಒಳ ಅಂಚಿನಿಂದ ಸುಮಾರು ಒಂದೂವರೆ ಅಡಿ ಈಚೆಗೆ. ಎತ್ತರದ ಎರಡು ಪಟ್ಟಿಗೆ ಅಗಲವನ್ನು ಕೂಡಿಸಿದರೆ ೨೪ ಅಂಗುಲ ಬರಬೇಕೆಂದು ಫ್ರಾನ್ಸಿನ ವಾಸ್ತುಶಿಲ್ಪಿ ಬ್ಲೊಂಡೆಲ್ ೧೭ನೆಯ ಶತಮಾನದಲ್ಲಿ ಹೇಳಿದ ಲೆಕ್ಕ ಇಂದಿಗೂ ಕೆಲಸಕ್ಕೆ ಬರುತ್ತದೆ. ಎತ್ತರ ಐದು ಅಂಗುಲವಾದರೆ ಅಗಲ ಹದಿನಾಲ್ಕು. ಎತ್ತರ ಎಲ್ಲ ಮೆಟ್ಟಿಲಿಗೂ ಒಂದೇ ಆಗಿರಬೇಕು. ಅರ್ಧ ಅಂಗುಲ ಹೆಚ್ಚುಕಡಿಮೆಯಾದರೂ ಕತ್ತಲಲ್ಲಿ ಇಳಿಯುವ ಮುದುಕರಿಗೆ ಅದು ಗೊತ್ತಾಗುತ್ತದೆ. ಮಳೆಯ ನೀರು ನಿಂತು ಪಾಚಿ ಕಟ್ಟದಂತೆ ಪ್ರತಿ ಕಲ್ಲನ್ನೂ ಕಾಲಂಗುಲದಷ್ಟು ಮುಂದಕ್ಕೆ ಬಾಗಿಸಿ ಇಡಬೇಕು. ಸುತ್ತಿನ ನಡುವೆ ಗೂಟ ಹೊಡೆದು, ಹುರಿ ಕಟ್ಟಿ, ಸಂದುಗಳೆಲ್ಲ ಆ ಗೂಟದ ಕಡೆಗೇ ಮುಖ ಮಾಡಿವೆಯೇ ಎಂದು ನೋಡುತ್ತಾರೆ.

ಆ ಮೆಟ್ಟಿಲುಗಳ ಪಕ್ಕದಲ್ಲಿ ಮಣ್ಣನ್ನು ತಡೆಯುವ ಗೋಡೆ ಎತ್ತ ಬಾಗಬೇಕೆಂಬುದೂ ಸಣ್ಣ ವಿಷಯವಲ್ಲ. ಬಾವಿಯ ಗೋಡೆಯಂತೆ ಗುಡ್ಡದೊಳಕ್ಕೆ ಬಾಗಿದ್ದರೆ ಮಣ್ಣಿನ ಒತ್ತಡದಿಂದ ಸಂದುಗಳು ಬಿಗಿಯುತ್ತವೆ. ಕಣಿವೆಯ ಕಡೆಗೆ ಉಬ್ಬಿದ್ದರೆ ಅದೇ ಒತ್ತಡ ಸಂದುಗಳನ್ನು ಬಿಡಿಸುತ್ತದೆ. ಅಂಥಲ್ಲಿ ಗೋಡೆಯನ್ನು ಇನ್ನೂ ದಪ್ಪವಾಗಿ, ಗುಡ್ಡದ ಕಡೆಗೆ ಇನ್ನೂ ಒರಗಿಸಿ ಕಟ್ಟಬೇಕು.

ಇಷ್ಟೆಲ್ಲ ಎಚ್ಚರಿಕೆಯಿಂದ ಕಟ್ಟಿದ್ದನ್ನು ಕೆಡಿಸುವುದು ಮಾತ್ರ ಸುಲಭ. ಒಂದು ಮೂಟೆ ಸಿಮೆಂಟು ಸಾಕು. ಕಲ್ಲೊಂದು ಸಡಿಲವಾಯಿತೆಂದು ಸದುದ್ದೇಶದಿಂದಲೇ ಮನೆಯ ಯಜಮಾನ ಸಂದುಗಳನ್ನೆಲ್ಲ ಮೆತ್ತಿಸುತ್ತಾನೆ. ಅದುವರೆಗೆ ಮಳೆಯ ನೀರು ಸಾವಿರ ಸಂದುಗಳಿಂದ ಸೋರಿ ಹೋಗುತ್ತಿತ್ತು. ಈಗ ಅದು ಗೋಡೆಯ ಹಿಂದೆ ನಿಲ್ಲುತ್ತದೆ. ನೀರು ತುಂಬಿ ನಿಂತ ಮಣ್ಣಿನ ಒತ್ತಡ ಒಣಮಣ್ಣಿನದಕ್ಕಿಂತ ಇಮ್ಮಡಿಯನ್ನೂ ಮೀರಬಲ್ಲದು. ಗಾರೆಯಿಲ್ಲದ ಗೋಡೆ ಬೀಳುವ ಮೊದಲು ಹೊಟ್ಟೆ ಉಬ್ಬಿಸಿ, ಕಲ್ಲು ಉದುರಿಸಿ ಎಷ್ಟೋ ದಿನ ಮುಂಚೆಯೇ ಸೂಚನೆ ಕೊಡುತ್ತದೆ. ಮೆತ್ತಿದ ಗೋಡೆ ಗಟ್ಟಿಯಾಗಿರುವಂತೆಯೇ ಕಂಡು, ಒಂದು ರಾತ್ರಿ ಇಡಿಯಾಗಿ ಮಗುಚುತ್ತದೆ.

ನೋಡಿಕೊಳ್ಳುವವರೇ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಇಟಲಿಯ ಚಿಂಕ್ವೆ ತೆರ್ರೆ ಸಾಕ್ಷಿ. ಸಮುದ್ರಕ್ಕೆ ಕಡಿದಾಗಿ ಇಳಿಯುವ ಬೆಟ್ಟಗಳ ಮೇಲೆ ಐದು ಪುಟ್ಟ ಊರುಗಳು. ತಲೆತಲಾಂತರದಿಂದ ಅಲ್ಲಿಯ ಜನ ಗಾರೆಯಿಲ್ಲದ ಗೋಡೆಗಳನ್ನು ಕಟ್ಟಿ, ಬೆಟ್ಟವನ್ನೇ ಮೆಟ್ಟಿಲು ಮೆಟ್ಟಿಲಾಗಿ ಮಾಡಿ ದ್ರಾಕ್ಷಿ ಬೆಳೆದರು. ೧೯೯೭ರಲ್ಲಿ ಯುನೆಸ್ಕೊ ಆ ಪ್ರದೇಶವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಷ್ಟು ಹೊತ್ತಿಗೆ ದ್ರಾಕ್ಷಿ ಬೆಳೆಯುವವರು ವಿರಳವಾಗಿದ್ದರು. ಬೆಟ್ಟದ ಮೇಲೆ ಕಲ್ಲು ಹೊರುವುದಕ್ಕಿಂತ ಪಟ್ಟಣದ ಕೆಲಸವೂ ಪ್ರವಾಸಿಗರ ಹಣವೂ ಹಗುರವೆಂದು ಯುವಕರಿಗೆ ತೋರಿದರೆ ತಪ್ಪೆನ್ನುವವರಾರು? ೨೦೧೧ರ ಅಕ್ಟೋಬರ್ ೨೫ರಂದು ಕೆಲವೇ ಗಂಟೆಗಳಲ್ಲಿ ಭೀಕರವಾದ ಮಳೆ ಸುರಿಯಿತು. ವೆರ್ನಾತ್ಸ ಮತ್ತು ಮೊಂತೆರೊಸ್ಸೊ ಊರುಗಳ ಬೀದಿಗಳಲ್ಲಿ ಬೆಟ್ಟದ ಮಣ್ಣೂ ಕಲ್ಲೂ ಹರಿದು ಬಂದು ಮನೆಗಳನ್ನು ಹೂಳಿದವು, ಪ್ರಾಣಹಾನಿಯೂ ಆಯಿತು. ಅಂಥ ಮಳೆಗೆ ಎಲ್ಲ ಗೋಡೆಗಳೂ ನಿಲ್ಲುತ್ತಿದ್ದವೆಂದು ಹೇಳಲಾಗದು. ಆದರೆ ಆರೈಕೆಯಿಲ್ಲದೆ ಪಾಳುಬಿದ್ದ ಮೆಟ್ಟಿಲುಹೊಲಗಳೇ ಹೆಚ್ಚಾಗಿ ಕುಸಿದಿದ್ದುವೆಂಬುದು ಆಮೇಲೆ ಪರೀಕ್ಷಿಸಿದವರಿಗೆ ಕಂಡುಬಂದಿತು.

ಬ್ರಿಟನ್ನಿನಲ್ಲಿ ಈ ಕಸಬನ್ನು ಉಳಿಸಲೆಂದು ೧೯೬೮ರಲ್ಲಿ ಸಂಘವೊಂದು ಹುಟ್ಟಿ, ಅಂದಿನಿಂದ ಪಾಠ ಹೇಳಿ, ಪರೀಕ್ಷೆ ನಡೆಸಿ, ಪ್ರಮಾಣಪತ್ರ ಕೊಡುತ್ತ ಬಂದಿದೆ. ೨೦೧೮ರಲ್ಲಿ ಇಟಲಿ, ಫ್ರಾನ್ಸ್, ಗ್ರೀಸ್, ಸ್ಪೇನ್, ಸ್ವಿಟ್ಜರ್ಲೆಂಡ್ ಮೊದಲಾದ ಎಂಟು ದೇಶಗಳ ಪರವಾಗಿ ಯುನೆಸ್ಕೊ ಈ ಕಲೆಯನ್ನು ಮಾನವಕುಲದ ಪರಂಪರೆಯೆಂದು ದಾಖಲು ಮಾಡಿಕೊಂಡಿತು. ೨೦೨೪ರಲ್ಲಿ ಐರ್ಲೆಂಡ್ ಸೇರಿದಂತೆ ಇನ್ನೂ ಐದು ದೇಶಗಳು ಕೂಡಿಕೊಂಡವು. ಗೌರವವೇನೋ ದೊರೆತಂತಾಯಿತು. ಕನ್ನಡನಾಡಿನಲ್ಲಿ ಬಾವಿ ತೋಡಿ ಕಲ್ಲು ಕಟ್ಟುವುದರಲ್ಲಿ ತಲೆಮಾರುಗಳಿಂದ ಪಳಗಿದ ಭೋವಿ ಕೆಲಸಗಾರರಿಗೆ ಅಂಥ ಪ್ರಮಾಣಪತ್ರವನ್ನು ಯಾರೂ ಕೊಟ್ಟವರಿಲ್ಲ. ಕೊಳವೆಬಾವಿ ಬಂದ ಮೇಲೆ ಅವರನ್ನು ಕರೆಯುವವರೂ ಕಡಿಮೆಯಾದರು. ಎಷ್ಟೋ ಬಾವಿಗಳು ಊರಿನ ಕಸಕ್ಕೆ ಗುಂಡಿಯಾದವು.

ತೋಟದ ಆ ಅಜ್ಜ ಮಾತ್ರ ಮೂರನೆಯ ಮೆಟ್ಟಿಲನ್ನು ನೋಡಲು ಪಕ್ಕದ ಹಳ್ಳಿಯ ಮುದುಕನೊಬ್ಬನಿಗೆ ಹೇಳಿಕಳುಹಿಸಿದ್ದರು. ಮುದುಕ ಒಬ್ಬನೇ ಬಂದ. ಮಗ ಲಾರಿ ಓಡಿಸುತ್ತಾನಂತೆ. ಮೆಟ್ಟಿಲ ಮೇಲೆ ಒಂದು ಕಾಲೂರಿ ಅಲುಗಿಸಿ, ಕಿವಿಗೊಟ್ಟು ಕೇಳಿದ.

“ಸಿಮೆಂಟು ಎಷ್ಟು ಬೇಕಾದೀತು?” ಎಂದರು ಅಜ್ಜ.

“ಅದು ಬ್ಯಾಡಿ ಬುದ್ಧಿ. ಬಾಲದ ಕೆಳಗಿನ ಬೆಣೆಕಲ್ಲು ಜಾರಿದೆ. ಇಲ್ಲೇ ಎಲ್ಲೋ ಬಿದ್ದಿರಬೇಕು. ಅಂಗೈಯಗಲ, ಒಂದು ಕಡೆ ತೆಳ್ಳಗೆ. ಅದು ಸಿಕ್ಕರೆ ಅದೇ ಸರಿಹೋಗುತ್ತೆ.”

ಹುಡುಗ ಆಗಲೇ ಬಾವಿಯ ಕೆಳದಂಡೆಯಲ್ಲಿ ಸೊಪ್ಪುಸದೆ ಸರಿಸಿ ಹುಡುಕತೊಡಗಿದ್ದ. ಮೊದಲು ತಂದ ಎರಡು ಕಲ್ಲುಗಳನ್ನು ಮುದುಕ ಕೈಯಲ್ಲಿ ಹಿಡಿದೂ ನೋಡದೆ ಬೇಡವೆಂದ. ಮೂರನೆಯದಕ್ಕೆ ಕೈ ನೀಡಿದ.