ತುಂಬಿದ ನೀರಿನ ಬಾಟಲಿ

ನಮ್ಮ ನೆರೆಮನೆಯಲ್ಲಿ ಏಳು ವರ್ಷದ ಬಾಲಕನೊಬ್ಬನಿರುವನು. ಅವನು ಓದುವ ಶಾಲೆಯಲ್ಲಿ ಗಣಿತವನ್ನು ಇಂಗ್ಲಿಷಿನಲ್ಲಿಯೂ ಉಳಿದ ಕೆಲವು ಪಾಠಗಳನ್ನು ಕನ್ನಡದಲ್ಲಿಯೂ ಹೇಳಿಕೊಡುವರು. ಪ್ರತಿದಿನವೂ ಸಂಜೆ ಮನೆಗೆ ಬಂದೊಡನೆಯೇ ಅವನು ಬೆನ್ನಿನ ಚೀಲವನ್ನೂ ಇಳಿಸದೆ ಬಚ್ಚಲಿನ ಕಡೆಗೆ ಓಡುತ್ತಿದ್ದನು. ಬೆಳಿಗ್ಗೆ ತುಂಬಿ ಕಳುಹಿಸಿದ ನೀರಿನ ಬಾಟಲಿಯು ತುಂಬಿದಂತೆಯೇ ಮರಳುತ್ತಿದ್ದಿತು. ಇದನ್ನು ಮೊದಲು ಕಂಡವರು ಅವನ ಅಜ್ಜಿ. ಇಂತಹ ವಿಷಯಗಳಲ್ಲಿ ಅಜ್ಜಿಯರ ಕಣ್ಣು ಶಾಲಾ ಇನ್‌ಸ್ಪೆಕ್ಟರರ ಕಣ್ಣಿಗಿಂತ ಸೂಕ್ಷ್ಮವಾದುದು.

ಮೆಲ್ಲನೆ ವಿಚಾರಿಸಲಾಗಿ ಸಂಗತಿಯು ಹೊರಬಿದ್ದಿತು. ತರಗತಿಯಿಂದ ಹೊರಗೆ ಹೋಗಬೇಕಾದರೆ ಅಪ್ಪಣೆಯನ್ನು ಇಂಗ್ಲಿಷಿನಲ್ಲಿಯೇ ಬೇಡತಕ್ಕದ್ದೆಂದು ಅಲ್ಲಿಯ ನಿಯಮ. ಒಂದು ದಿನ ಇವನು ವಾಕ್ಯವನ್ನು ತಪ್ಪಾಗಿ ಹೇಳಿದನು, ತರಗತಿಯೆಲ್ಲವೂ ನಕ್ಕಿತು. "ನೀರು ಕುಡಿದರೆ ಕೇಳಬೇಕಾಗುತ್ತೆ ಅಜ್ಜಿ," ಎಂದನಂತೆ. ಆದುದರಿಂದ ನೀರನ್ನೇ ಬಿಟ್ಟಿದ್ದನು.

ನಾವು ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪಾಠ ಹೇಳಿದವರು. ನಮ್ಮ ತರಗತಿಯಿಂದಲೂ ಇಂತಹ ಬಾಟಲಿಗಳೆಷ್ಟು ತುಂಬಿದಂತೆಯೇ ಮನೆಗೆ ಹೋದುವೋ, ನಾವು ನೋಡಲಿಲ್ಲ.

ಎರಡು ಭಾಷೆಗಳ ಶಾಲೆಯನ್ನು ನಾವು ನಿಂದಿಸುವವರಲ್ಲ. ನಾವು ಸಂಸ್ಕೃತವನ್ನು ಕಲಿತುದೇ ಎರಡು ಭಾಷೆಗಳ ನಡುವೆ. ಗುರುಗಳು ಶ್ಲೋಕವನ್ನು ಹೇಳಿ, ಪದಚ್ಛೇದ ಮಾಡಿ, ಅನ್ವಯವನ್ನು ತೋರಿಸಿ, ತಾತ್ಪರ್ಯವನ್ನು ಕನ್ನಡದಲ್ಲಿ ಹೇಳುವರು. ಸಂದೇಹವನ್ನು ಕನ್ನಡದಲ್ಲಿ ಕೇಳಿದುದರಿಂದ ದೇವಭಾಷೆಗೆ ಅಪಚಾರವಾಯಿತೆಂದು ಯಾರೂ ದಂಡ ವಿಧಿಸಲಿಲ್ಲ. (ವಿಭಕ್ತಿ ತಪ್ಪಿದರೆ ಕಿವಿ ಹಿಂಡುತ್ತಿದ್ದರೆಂಬುದು ಬೇರೆ ಮಾತು.)

2019ರಲ್ಲಿ ನಮ್ಮ ರಾಜ್ಯದ 1000 ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆದಂದಿನಿಂದ, ಮಗುವನ್ನು ಯಾವುದಕ್ಕೆ ಸೇರಿಸಲೆಂದು ಹಳ್ಳಿಯ ಗೃಹಸ್ಥರೂ ನಮ್ಮನ್ನು ಕೇಳುವುದುಂಟು. ಯಾವುದಕ್ಕಾದರೂ ಸೇರಿಸಿರಿ, ಹಸಿವು, ನೋವು, ಭಯ, ಇವನ್ನು ಮಗುವು ಮನೆಮಾತಿನಲ್ಲಿ ಹೇಳಬಹುದೇ ಎಂದು ಮೊದಲು ವಿಚಾರಿಸಿರಿ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 29ನೆಯ ಪ್ರಕರಣದಲ್ಲಿ ಎರಡು ಮಾತುಗಳು ಒಂದರ ಹಿಂದೊಂದಾಗಿವೆ: ಬೋಧನೆಯು ಸಾಧ್ಯವಾದಷ್ಟು ಮಟ್ಟಿಗೆ ಮಾತೃಭಾಷೆಯಲ್ಲಿರಬೇಕು, ಮಗುವು ಭಯ, ಆಘಾತ, ಕಳವಳಗಳಿಂದ ಮುಕ್ತವಾಗಿರಬೇಕು. ಕಾಯಿದೆಯನ್ನು ಬರೆದವರು ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟುದು ನಮಗೆ ಬಹಳ ಮೆಚ್ಚಿಗೆಯಾಯಿತು. ಮನೆಮಾತು ಬೇರೆಯಾದ ಮಕ್ಕಳಿಗೆ ಎರಡು ಭಾಷೆಗಳನ್ನೂ ಬಳಸಿ ಕಲಿಸುವಂತೆ ಉಪಾಧ್ಯಾಯರನ್ನು ಪ್ರೋತ್ಸಾಹಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ.

ಬಾಲಕನ ತಂದೆಯವರೊಡನೆ ನಾವೂ ಶಾಲೆಗೆ ಹೋದೆವು. ಉಪಾಧ್ಯಾಯಿನಿ ಚಿಕ್ಕ ವಯಸ್ಸಿನವರು, ಮೃದುಸ್ವಭಾವದವರು. "ನಿಯಮ ಮೇಲಿನವರದು ಸಾರ್, ನಾನೇನು ಮಾಡಲಿ?" ಎಂದು ಸಂಕಟಪಟ್ಟರು. ನಮ್ಮ ಕಾಲದಲ್ಲಿ ಒಂದಕ್ಕೆ ಹೋಗಬೇಕಾದ ಮಕ್ಕಳು ಕಿರುಬೆರಳನ್ನೆತ್ತುತ್ತಿದ್ದರು, ಅದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ, ನಿಯಮಕ್ಕೆ ಭಂಗವೂ ಇಲ್ಲ ಎಂದೆವು. ಆಕೆ ನಕ್ಕು ಒಪ್ಪಿಕೊಂಡರು.

ಬಾಟಲಿಯು ಈಗ ಅರ್ಧ ಬರಿದಾಗಿ ಬರುತ್ತಿದೆಯೆಂದು ಅಜ್ಜಿ ಹೇಳುವರು. ಮಕ್ಕಳ ಆ ನಗು ನಿಂತಿತೋ ಇಲ್ಲವೋ, ಅದನ್ನು ಅವನು ಇನ್ನೂ ಯಾರಿಗೂ ಹೇಳಿಲ್ಲ.