ಹರಿದ ಟೆಂಡನ್: ಹೊಲಿಸಬೇಕಾ, ಬೇಡ್ವಾ?

ಬ್ಯಾಡ್ಮಿಂಟನ್ ಸೆಮಿಫೈನಲ್‌ನಲ್ಲಿ ನಮ್ಮ ರೂಮ್‌ಮೇಟ್ ಡ್ರಾಪ್ ಎತ್ತೋಕೆ ಮುಂದೆ ನುಗ್ಗಿದ. 'ಟಪ್' ಅಂತ ಸದ್ದಾಯ್ತು. "ಯಾರೋ ಅದು ಒದ್ದಿದ್ದು?" ಅಂತ ತಿರುಗಿ ನೋಡಿದ್ರೆ ಹಿಂದೆ ಯಾರೂ ಇಲ್ಲ. ಹರಿದದ್ದು ಅಕಿಲಿಸ್ ಟೆಂಡನ್, ಅಂದ್ರೆ ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ದಪ್ಪ ಸ್ನಾಯುರಜ್ಜು.

ಆ ರಾತ್ರಿ ಹಾಸ್ಟೆಲ್‌ನಲ್ಲಿ ನಾವೆಲ್ಲ ಡಾಕ್ಟರಾದ್ವಿ. "ಆಪರೇಷನ್ ಮಾಡಿಸ್ಕೋ ಮಗಾ, ಮುಂದಿನ ಸೆಮ್‌ಗೆ ಆಡ್ತೀಯ" ಅಂದ್ವಿ. ಊರಿಂದ ಅವರಮ್ಮ, "ಕಾಲು ಕೊಯ್ಯಿಸೋದು ಬೇಡ ಕಣೋ, ಎಣ್ಣೆ ಹಚ್ಚಿ ಕಟ್ಟು ಕಟ್ಟಿಸೋಣ ಬಾ" ಅಂದ್ರು. ಎರಡೂ ಪ್ರೀತಿಯ ಮಾತೇ, ಎರಡೂ ಅವಸರದ್ದೇ.

ತುಂಡಾದ ರಾಡನ್ನು ವೆಲ್ಡ್ ಮಾಡ್ಲೇಬೇಕು ಅನ್ನೋದು ನಮ್ಮ ಎಂಜಿನಿಯರಿಂಗ್ ಬುದ್ಧಿ. ಆದರೆ ಟೆಂಡನ್‌ಗೆ ಜೀವ ಇದೆ. ಬೆರಳು ಕೆಳಮುಖವಾಗಿರುವಂತೆ ಪಾದವನ್ನು ಬೂಟ್‌ನಲ್ಲಿ ಇಟ್ಟರೆ ಹರಿದ ತುದಿಗಳು ಹತ್ತಿರ ಬಂದು ಕೂಡಿಕೊಳ್ಳಬಲ್ಲವು. 2022ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದು 526 ಜನರನ್ನು ಹೋಲಿಸಿತು. ಒಂದು ವರ್ಷದ ನಂತರ ಆಪರೇಷನ್ ಆದವರ ಮತ್ತು ಆಗದವರ ಚೇತರಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಟೆಂಡನ್ ಮತ್ತೆ ಹರಿದದ್ದು ಆಪರೇಷನ್ ಇಲ್ಲದವರಲ್ಲಿ ನೂರಕ್ಕೆ ಸುಮಾರು 6 ಜನರಿಗೆ. ಆಪರೇಷನ್ ಆದವರಲ್ಲಿ ನೂರಕ್ಕೆ 1ಕ್ಕಿಂತ ಕಡಿಮೆ. ನರಕ್ಕೆ ಪೆಟ್ಟಾದದ್ದು ಮಾತ್ರ ಆಪರೇಷನ್ ಆದವರಲ್ಲೇ ಹೆಚ್ಚು.

ಹಾಗಾಗಿ ಎಲ್ಲರಿಗೂ ಒಂದೇ ಉತ್ತರ ಇಲ್ಲ. 2010ರಲ್ಲಿ ಡೇವಿಡ್ ಬೆಕ್‌ಹ್ಯಾಮ್‌ಗೂ ಇದೇ ಟೆಂಡನ್ ಹರಿದು, ತಕ್ಷಣ ಆಪರೇಷನ್ ಆಯ್ತು. ಆಟವೇ ಅವರ ಅನ್ನ. ನಮಗೆ? ಡಾಕ್ಟರನ್ನು ಕೇಳಬೇಕಾದ್ದು ಇಷ್ಟು: ತುದಿಗಳ ಮಧ್ಯೆ ಅಂತರ ಎಷ್ಟಿದೆ? ನನ್ನ ಆಟಕ್ಕೆ ಮತ್ತೆ ಹರಿಯುವ ಅಪಾಯ ದೊಡ್ಡದೋ, ಗಾಯ ಕೀವಾಗುವ ಅಪಾಯ ದೊಡ್ಡದೋ? ಸಿಗರೇಟ್ ಸೇದ್ತೀವಿ ಅಂತಾದ್ರೆ ಅದನ್ನೂ ಮುಚ್ಚಿಡದೆ ಹೇಳ್ಬೇಕು, ಹೊಲಿಗೆ ಮಾಯೋದು ತಡ ಆಗುತ್ತೆ.

ಯೋಚಿಸೋಕೆ ಒಂದೆರಡು ದಿನ ತಗೊಳ್ಳೋಣ, ಆದರೆ ಡಾಕ್ಟರ ಹತ್ರ ಹೋಗೋಕೆ ಒಂದು ದಿನಾನೂ ತಡ ಬೇಡ. ಎಣ್ಣೆ ಹಚ್ಚಿ ತಿಕ್ಕುತ್ತಾ ವಾರಗಟ್ಟಲೆ ಕೂತರೆ ಆಪರೇಷನ್ ಇಲ್ಲದೆ ವಾಸಿಯಾಗುವ ದಾರಿಯೇ ಮುಚ್ಚಿಹೋಗಬಹುದು.

ನಾವು ಅವನಿಗೆ ಹೇಳಿದ್ದು ಒಂದು ಸುಳ್ಳು. ಆಪರೇಷನ್ ಅನ್ನೋದು ಶಾರ್ಟ್‌ಕಟ್ ಅಲ್ಲ. ಯಾವ ದಾರಿ ಹಿಡಿದರೂ ವಾರಗಟ್ಟಲೆ ಬೂಟ್, ತಿಂಗಳುಗಟ್ಟಲೆ ಫಿಸಿಯೋಥೆರಪಿ ತಪ್ಪಲ್ಲ. ಅದನ್ನು ನಡುವೆ ಬಿಟ್ಟರೆ ಎರಡೂ ದಾರಿ ದಂಡ.

ಅವನು ಬೂಟ್ ಆರಿಸಿಕೊಂಡ. ನಿರ್ಧಾರ ಅವನದು, ಕಾಲು ಅವನದು. ಮೆಸ್ಸಿಂದ ತಟ್ಟೆ ತಂದುಕೊಡೋ ಪಾಳಿ ಮಾತ್ರ ನಮ್ಮದು.