ಪ್ರಜೆಯ ಹೆಜ್ಜೆಗೆ ಕಾವಲೇ?

ಪರಕೀಯ ಸರಕಾರದ ಕಾಲದಲ್ಲಿ ದೇಶಭಕ್ತನೊಬ್ಬನ ಬೆನ್ನು ಹತ್ತಲು ಗುಪ್ತ ಪೋಲೀಸಿನವನೊಬ್ಬನು ಬಿಸಿಲಿನಲ್ಲಿ ಅಲೆಯಬೇಕಾಗಿತ್ತು. ಇಂದು ಆ ಶ್ರಮವೂ ಬೇಡ. ಜೇಬಿನಲ್ಲಿರುವ ಮೊಬೈಲು ತನ್ನ ಒಡೆಯನು ಯಾವ ಗೋಪುರದ ಬಳಿ ಇರುವನೆಂಬುದನ್ನು ಕಂಪೆನಿಗೆ ತಿಳಿಸುತ್ತಲೇ ಇರುತ್ತದೆ. ಕರೆಗಳ ದಾಖಲೆಯನ್ನು ಕನಿಷ್ಠ 2 ವರ್ಷ ಕಾದಿರಿಸಬೇಕೆಂದು 2021ರ ಡಿಸೆಂಬರಿನಲ್ಲಿ ಸರಕಾರವು ಕಂಪೆನಿಗಳಿಗೆ ವಿಧಿಸಿತು.

ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಏಕಕಂಠದಿಂದ ಸಾರಿದರು. ಆ ವ್ಯಾಜ್ಯವನ್ನು ಹೂಡಿದವರು ನಮ್ಮ ನಾಡಿನ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಜಾಮೀನು ಪಡೆದವನು ಗೂಗಲ್ ನಕ್ಷೆಯಲ್ಲಿ ತಾನಿರುವ ಸ್ಥಳವನ್ನು ತನಿಖಾಧಿಕಾರಿಗೆ ತೋರಬೇಕೆಂಬ ಷರತ್ತನ್ನು ಅದೇ ನ್ಯಾಯಾಲಯವು 2024ರ ಜುಲೈಯಲ್ಲಿ ರದ್ದುಪಡಿಸಿತು. ಆರೋಪಿಗೆ ಸಂದ ಈ ರಕ್ಷಣೆಯು ನಿರಪರಾಧಿಯಾದ ನಾಗರಿಕನಿಗೆ ಸಲ್ಲಬೇಡವೆ?

ಆದರೆ ತೀರ್ಪಿನ ತತ್ತ್ವವು ಕಾಯಿದೆಯ ಅಕ್ಷರಕ್ಕೆ ಇನ್ನೂ ಇಳಿದಿಲ್ಲ. 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೆಯ ಕಲಮು ವಿದ್ಯುನ್ಮಾನ ಸಂಪರ್ಕದ ದಾಖಲೆಗಳನ್ನು ತರಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಂತೆಯೇ ಠಾಣೆಯ ಅಧಿಕಾರಿಗೂ ಕೊಟ್ಟಿದೆ. ಅದೇ ವರ್ಷದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ತಪ್ಪಿದ ಕಂಪೆನಿಗೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ಗೊತ್ತುಪಡಿಸಿದೆ. ಅದರ 17ನೆಯ ಕಲಮಿನ ಮೇರೆಗಾದರೋ ಕೇಂದ್ರ ಸರಕಾರವು ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣಗಳಿಗಾಗಿ ತನ್ನ ಯಾವುದೇ ಅಂಗವನ್ನು ಒಂದು ಪ್ರಕಟಣೆಯಿಂದಲೇ ಕಾಯಿದೆಯ ಹೊರಗಿಡಬಹುದು. ವರ್ತಕನಿಗೆ ಬೇಲಿ, ಸರಕಾರಕ್ಕೆ ಬಯಲು!

ಅಪರಾಧಿಗಳನ್ನು ಹಿಡಿಯಲು ಈ ಸಾಧನವು ಅವಶ್ಯವೆಂದು ಅಧಿಕಾರಿವರ್ಗವು ಹೇಳಬಹುದು. ನಾವೂ ಅದನ್ನು ಅಲ್ಲಗಳೆಯುವುದಿಲ್ಲ. ಅದರ ಮೇಲೆ ನ್ಯಾಯಾಧೀಶನ ಅಂಕೆಯಿರಲೆಂಬುದಷ್ಟೇ ನಮ್ಮ ಬೇಡಿಕೆ. ಅಮೆರಿಕದಲ್ಲಿ ಆರೋಪಿಯೊಬ್ಬನ 127 ದಿನಗಳ ಚಲನವಲನದ ದಾಖಲೆಯನ್ನು ವಾರಂಟಿಲ್ಲದೆ ಪಡೆದುದು ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿಯ ಸುಪ್ರೀಂ ಕೋರ್ಟು 2018ರಲ್ಲಿ ತೀರ್ಮಾನಿಸಿತು. ಅದರಿಂದ ಅಲ್ಲಿಯ ಪೋಲೀಸರ ಕೈ ಕಟ್ಟಿಹೋಗಲಿಲ್ಲ. ಕಾರಣವನ್ನು ಬರೆದು ನ್ಯಾಯಾಧೀಶನ ಮುಂದಿಡುವ ಹೊಣೆ ಮಾತ್ರ ಬಂದಿತು.

ನಮ್ಮ ಪಾರ್ಲಿಮೆಂಟೂ ಇಂತಹ ಕಟ್ಟಳೆಯನ್ನು ಕಾಯಿದೆಯಲ್ಲಿ ಬರೆಯಬೇಕು. ಮಗುವಿನ ಅಪಹರಣದಂತಹ ತುರ್ತಿನಲ್ಲಿ ಪೋಲೀಸರು ಮೊದಲು ಹುಡುಕಿ, 24 ಗಂಟೆಗಳೊಳಗೆ ಅನುಮತಿ ಪಡೆಯಲಿ. ತನಿಖೆ ಮುಗಿದ ಮೇಲೆ, ಯಾರ ಜಾಡನ್ನು ಹಿಡಿದರೋ ಅವನಿಗೆ ಆ ಸಂಗತಿಯನ್ನು ತಿಳಿಸಲಿ. ಸ್ವರಾಜ್ಯದಲ್ಲಿ ಪ್ರಜೆಯು ತಾನು ಎಲ್ಲಿಗೆ ಹೋದೆನೆಂಬುದಕ್ಕೆ ಲೆಕ್ಕ ಕೊಡಬೇಕಾದವನಲ್ಲ. ಏಕೆ ನೋಡಿದೆನೆಂಬುದಕ್ಕೆ ಸರಕಾರವೇ ಲೆಕ್ಕ ಕೊಡಬೇಕು.